ಹಿತ್ತಲ ಗಿಡವೂ ಪಾಠವೇ

ಏಪ್ರಿಲ್‌ನಲ್ಲಿ ಶಾಲೆಗಳ ಬಾಗಿಲು ಮುಚ್ಚಿದೊಡನೆ ಮಲೆನಾಡಿನ ಮನೆಗಳಲ್ಲಿ ಪ್ರತಿ ವರ್ಷ ಒಂದೇ ಪ್ರಶ್ನೆ ಏಳುತ್ತದೆ: ಇನ್ನು ಒಂದೂವರೆ ತಿಂಗಳು ಈ ಮಕ್ಕಳನ್ನು ಏನು ಮಾಡುವುದು? ಅನುಕೂಲವುಳ್ಳವರು ಪೇಟೆಯ ಬೇಸಿಗೆ ಶಿಬಿರಕ್ಕೆ ಕಳುಹಿಸುತ್ತಾರೆ. ಅಲ್ಲಿ ಮಗು ಬಣ್ಣದ ಕಾಗದದಲ್ಲಿ ಚಿಟ್ಟೆಯನ್ನು ಕತ್ತರಿಸಿ, ಪ್ರಮಾಣಪತ್ರ ಹಿಡಿದು ಮರಳುತ್ತದೆ. ಅದೇ ಹೊತ್ತಿಗೆ ಮನೆಯ ಹಿಂದಿನ ಲಿಂಬೆಗಿಡದಲ್ಲಿ ನಿಜವಾದ ಚಿಟ್ಟೆಯೊಂದು ಕೋಶ ಒಡೆದು ಹೊರಬಂದಿರುತ್ತದೆ. ನೋಡಲು ಯಾರೂ ಇರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಶಿಕ್ಷಣಕ್ಕೂ ಅನ್ವಯಿಸಿಕೊಂಡಂತಿದೆ.

ಐದರಿಂದ ಹತ್ತು ವರ್ಷದ ಮಕ್ಕಳಿಗೆ ವಿಜ್ಞಾನವೆಂದರೆ ವ್ಯಾಖ್ಯೆಗಳ ಉರು ಹೊಡೆತವಾಗಬಾರದು. ನೋಡುವುದು, ಊಹಿಸುವುದು, ಊಹೆ ಸರಿಯೇ ಎಂದು ಕೈಯಾರೆ ಪರೀಕ್ಷಿಸುವುದು, ತಪ್ಪಾದಾಗ ಮತ್ತೆ ಯೋಚಿಸುವುದು, ಇಷ್ಟು ಸಾಕು. ಇದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ನಮ್ಮ ಹಿತ್ತಲು, ಕೊಟ್ಟಿಗೆ, ಸೊಪ್ಪಿನಬೆಟ್ಟಗಳಲ್ಲಿದೆ.

ಉದಾಹರಣೆಗೆ ಹಲಸಿನ ಬೀಜವನ್ನೇ ತೆಗೆದುಕೊಳ್ಳೋಣ. ಹಣ್ಣು ಬಿಡಿಸಿದ ದಿನವೇ ಐದು ಬೀಜಗಳನ್ನು ಮಗು ನೆಡಲಿ. ಇನ್ನೈದನ್ನು ಎರಡು ವಾರ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಆಮೇಲೆ ನೆಡಲಿ. ಜೊತೆಗೆ ಐದು ಒಣ ಅವರೆಕಾಳುಗಳನ್ನೂ ಹಾಕಲಿ. ಹಸಿ ಹಲಸಿನ ಬೀಜ ಮೊಳೆಯುತ್ತದೆ, ಅವರೆಯೂ ಮೊಳೆಯುತ್ತದೆ. ಒಣಗಿಸಿದ ಹಲಸಿನ ಬೀಜ ಮಣ್ಣಿನಲ್ಲೇ ಕೊಳೆಯುತ್ತದೆ. ಏಕೆ? ಮಳೆಕಾಡಿನ ಅನೇಕ ಮರಗಳ ಬೀಜಗಳು ಒಣಗಿದರೆ ಜೀವ ಕಳೆದುಕೊಳ್ಳುತ್ತವೆ. ಮಳೆಗಾಲದ ಹೊಸ್ತಿಲಲ್ಲಿ ಉದುರುವ ಬೀಜಕ್ಕೆ ತಿಂಗಳುಗಟ್ಟಲೆ ಕಾಯುವ ಅಗತ್ಯವಿಲ್ಲ. ಇಂಥ ಮರಗಳ ಬೀಜವನ್ನು ಡಬ್ಬಿಯಲ್ಲಿ ತುಂಬಿಟ್ಟು ಕಾಡನ್ನು ಕಾಪಾಡಲಾಗದು, ನಿಂತ ಮರವನ್ನೇ ಉಳಿಸಿಕೊಳ್ಳಬೇಕು ಎಂಬುದು ಆ ಮಗುವಿಗೆ ಭಾಷಣವಿಲ್ಲದೆ ತಿಳಿಯುತ್ತದೆ.

ಇನ್ನೊಂದು ಪ್ರಯೋಗ ನೀರಿನದು. ಎರಡೂ ಬದಿ ತೆರೆದ ಹಳೆಯ ಡಬ್ಬಿಯೊಂದನ್ನು ತುಳಿದು ಗಟ್ಟಿಯಾದ ಅಂಗಳದ ನೆಲಕ್ಕೆ ಎರಡು ಬೆರಳಿನಷ್ಟು ಒತ್ತಿ, ಒಂದು ಚೊಂಬು ನೀರು ಸುರಿಯಬೇಕು. ನೀರು ಇಂಗುವವರೆಗೆ ಮಕ್ಕಳು ಎಣಿಸಲಿ. ಅದೇ ಡಬ್ಬಿಯನ್ನು ಮರದ ಬುಡದಲ್ಲಿ, ದರಗು ಬಿದ್ದು ಮೆತ್ತಗಾದ ಮಣ್ಣಿನಲ್ಲಿ ಒತ್ತಿ ಮತ್ತೆ ಎಣಿಸಲಿ. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದಾಗ ಕಾಣುವ ಅಂತರವನ್ನು ಯಾವ ಪಠ್ಯಪುಸ್ತಕವೂ ಅಷ್ಟು ಸ್ಪಷ್ಟವಾಗಿ ಹೇಳಲಾರದು. ಬೆಟ್ಟ ಬೋಳಾದ ಊರಿನ ಒರತೆ ಮಾರ್ಚಿಯಲ್ಲೇ ಏಕೆ ಬತ್ತುತ್ತದೆ ಎಂಬ ಪ್ರಶ್ನೆಯನ್ನು ಆಮೇಲೆ ಮಕ್ಕಳೇ ಕೇಳುತ್ತಾರೆ. ಉತ್ತರಿಸಬೇಕಾದವರು ನಾವು, ದೊಡ್ಡವರು.

ಕೋಳಿ ಕಾವಿಗೆ ಕೂತಿದ್ದರೆ ಅದೂ ಪಾಠವೇ. ಮರಿಯಾಗಲು 21 ದಿನ. ವಾರ ಕಳೆದ ಮೇಲೆ ಕತ್ತಲಲ್ಲಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದರೆ ಕೆಂಪು ರಕ್ತನಾಳಗಳ ಬಲೆ ಕಾಣುತ್ತದೆ. ಕರಿಬೇವು, ಲಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ದಿನ ಕಳೆದಂತೆ ಹಸಿರಾಗಿ, ಕೋಶವಾಗಿ, ಚಿಟ್ಟೆಯಾಗುವುದನ್ನು ದಿನವೂ ಚಿತ್ರಿಸಬಹುದು. ಕೊಟ್ಟಿಗೆಯ ದನ ಒಂದು ತುತ್ತನ್ನು ಎಷ್ಟು ಸಲ ಮೆಲುಕು ಹಾಕುತ್ತದೆಂದು ಎಣಿಸಬಹುದು.

ಇಲ್ಲಿ ಒಂದು ಆಕ್ಷೇಪವುಂಟು; ಅದನ್ನು ತಳ್ಳಿಹಾಕುವಂತಿಲ್ಲ. "ಸಗಣಿ ಬಾಚಿ ನಮ್ಮ ಸೊಂಟ ಬಿತ್ತು, ಮಕ್ಕಳಾದರೂ ಇದರಿಂದ ಪಾರಾಗಲಿ" ಎನ್ನುವ ತಾಯಂದಿರಿದ್ದಾರೆ. ರಜೆಯಲ್ಲಿ ಸೌದೆಗೆ, ಸೊಪ್ಪಿಗೆ, ಕೂಲಿಗೆ ಹೋಗುವ ಮಕ್ಕಳೂ ಇದ್ದಾರೆ. ಅವರಲ್ಲಿ ಹೆಣ್ಣುಮಕ್ಕಳ ಪಾಲಿನ ಹೊರೆ ಹೆಚ್ಚು. ಅವರಿಗೆ ಕೊಟ್ಟಿಗೆಯ ಸೊಬಗನ್ನು ವರ್ಣಿಸುವುದು ಕ್ರೌರ್ಯವಾದೀತು. ದುಡಿಮೆಗೂ ಕಲಿಕೆಗೂ ಇರುವ ವ್ಯತ್ಯಾಸ ಇಷ್ಟೇ: ದುಡಿಮೆಯಲ್ಲಿ ಮಗುವಿಗೆ ಪ್ರಶ್ನೆ ಕೇಳಲು ಬಿಡುವಿಲ್ಲ. ಆದ್ದರಿಂದ ನಾವು ಕೇಳುತ್ತಿರುವುದು ಇನ್ನಷ್ಟು ಕೆಲಸವನ್ನಲ್ಲ; ಎಲ್ಲ ಮನೆಯ ಮಕ್ಕಳಿಗೂ ಸಮಾನವಾಗಿ ದಕ್ಕುವ ಒಂದು ಗಂಟೆಯ ಬಿಡುವನ್ನು.

ಈ ವಿಚಾರ ಹೊಸದೇನಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯನ್ನು ಗೋಡೆಯಿಂದಾಚೆಗೆ ಒಯ್ದರು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮವು ಹಳ್ಳಿಯ ಮಕ್ಕಳು ಅಗ್ಗದ ಸಾಮಗ್ರಿಗಳಿಂದಲೇ ಪ್ರಯೋಗ ಮಾಡಬಲ್ಲರೆಂದು ತೋರಿಸಿತು. ಅದನ್ನು ಸರ್ಕಾರ 2002ರಲ್ಲಿ ನಿಲ್ಲಿಸಿತು. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಸರ್ಕಾರದ ಆದೇಶದಿಂದ ನಿಲ್ಲುವ ಕೆಲಸವನ್ನು ಊರೇ ಹೊತ್ತುಕೊಂಡರೆ ಯಾರೂ ನಿಲ್ಲಿಸಲಾರರು.

ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ, ಬೇಸಿಗೆಯಲ್ಲೇ ಹೆಚ್ಚು. ಕಾಯಿಲೆಯಿರುವ ಸೀಮೆಯಲ್ಲಿ ಈ ಚಟುವಟಿಕೆ ಹಿತ್ತಲು ದಾಟಬಾರದು. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕೋಳಿ, ದನ, ಮಣ್ಣು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು. ಕಾಡುಪ್ರಾಣಿ, ಹಕ್ಕಿಮರಿಗಳನ್ನು ಹಿಡಿದು ತರುವುದು ಕೂಡದು. ಗಿಳಿಯನ್ನು ಪಂಜರದಲ್ಲಿಡುವುದು ಕಾನೂನಿಗೂ ವಿರುದ್ಧ.

ಮುಂದಿನ ರಜೆಯಲ್ಲಿ ಪ್ರತಿ ಊರಿನಲ್ಲೂ ಎರಡು ವಾರ, ಬೆಳಿಗ್ಗೆ ಒಂದು ಗಂಟೆ ಇದಕ್ಕಾಗಿ ಮೀಸಲಾಗಲಿ. ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳು ಮುಂದಾಳುಗಳಾಗಲಿ. ಬೀಜ, ಸೊಪ್ಪು, ದನಗಳ ವಿಷಯ ಬಲ್ಲ ಅಜ್ಜಿಯರು ಜೊತೆಗಿರಲಿ. ಮಗು ಕೇಳಿದ ಪ್ರಶ್ನೆಗೆ ತಕ್ಷಣ ಉತ್ತರ ಹೇಳದೆ, "ನೋಡಿ ಹೇಳು ಮಗಾ" ಎನ್ನುವ ತಾಳ್ಮೆ ನಮಗಿರಲಿ. ಪ್ರತಿ ಮಗುವಿಗೆ ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಇದಕ್ಕಿಂತ ಹೆಚ್ಚಿನ ಖರ್ಚಿಲ್ಲ. ನಾಳೆ ಈ ಕಾಡಿನ ಬಗೆಗೆ ಗ್ರಾಮಸಭೆಯಲ್ಲಿ ಕೈಯೆತ್ತಬೇಕಾದವರು ಈ ಮಕ್ಕಳೇ. ಆ ಕೈ ಒಮ್ಮೆಯಾದರೂ ಮಣ್ಣನ್ನು ಮುಟ್ಟಿ ನೋಡಿರಲಿ.