ಕಹಿಯೋ, ಒಗರೋ?

ಟೀಗೆ ಇನ್ನು ಸಕ್ಕರೆ ಬೇಡ ಎಂದು ಡಾಕ್ಟರು ಹೇಳಿದ ದಿನ ನನಗೆ ಬದುಕೇ ಸಪ್ಪೆ ಎನಿಸಿತು. ಐವತ್ತು ವರ್ಷ ಗಟ್ಟಿ ಹಾಲು, ಜಜ್ಜಿದ ಶುಂಠಿ, ಎರಡು ಚಮಚ ಸಕ್ಕರೆ ಹಾಕಿ ಕುದಿಸಿದ ಟೀ ಕುಡಿದವನು ನಾನು. ನಾಲ್ಕು ದಿನ ಸಕ್ಕರೆಯಿಲ್ಲದ ಟೀಯನ್ನು ಯಾರಿಗೂ ಕಾಣದಂತೆ ಕರಿಬೇವಿನ ಗಿಡದ ಬುಡಕ್ಕೆ ಸುರಿದೆ. ಗಿಡಕ್ಕೇನೂ ಆಗಲಿಲ್ಲ, ಮನೆಯವರಿಗೂ ಗೊತ್ತಾಗಲಿಲ್ಲ.

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಮಾತ್ರ ನೋಡಿಬಿಟ್ಟಳು. ಕಪಾಟಿನ ಮೂಲೆಯಿಂದ ಒಂದು ಡಬ್ಬಿ ಹುಡುಕಿ ತಂದಳು. ಅದು ಅವಳಮ್ಮ ಡಾರ್ಜಿಲಿಂಗ್ ಪ್ರವಾಸದಿಂದ ತಂದ ಟೀ. ಹಾಲು ಹಾಕಿ ಕುದಿಸಿ ನೋಡಿ, ಇದರಲ್ಲಿ ಸತ್ವವೇ ಇಲ್ಲ ಎಂದು ನಾವೇ ಮೂಲೆಗೆ ತಳ್ಳಿದ್ದೆವು. ಈ ಸಲ ಅವಳು ಡಬ್ಬಿಯ ಮೇಲಿದ್ದುದನ್ನು ಓದಿ ಓದಿ ಹೇಳಿದಳು, ನಾನು ಮಾಡಿದೆ. ಎಲೆಗಳ ಮೇಲೆ ಕುದಿನೀರು ಸುರಿದು, ಮುಚ್ಚಿಟ್ಟು, ಮೂರು ನಿಮಿಷಕ್ಕೆ ಸೋಸಿದ್ದು. ಹಾಲಿಲ್ಲ. ಬಣ್ಣ ಜೇನುತುಪ್ಪದಂತಿತ್ತು. ಸೋಸಣಿಗೆಯಲ್ಲಿ ಸುರುಟಿದ್ದ ಎಲೆಗಳು ಬಿಚ್ಚಿಕೊಂಡು ನಿಜವಾದ ಸೊಪ್ಪಾಗಿದ್ದವು. ನಮ್ಮ ಹಿರಿಯರು ಟೀಪುಡಿಗೆ ‘ಟೀ ಸೊಪ್ಪು’ ಅನ್ನುತ್ತಿದ್ದುದು ಸುಮ್ಮನಲ್ಲ!

“ಹೇಗಿದೆ ತಾತ?”

“ಕಹಿ.”

“ಹಾಗಲಕಾಯಿ ಥರಾನಾ?”

ಇನ್ನೊಂದು ಗುಟುಕು ಕುಡಿದೆ. ಅಲ್ಲ, ಹಾಗಲಕಾಯಿಯಲ್ಲ. ನಾಲಿಗೆ ಒಣಗಿ, ಕೆನ್ನೆ ಒಳಗೆ ಹಿಡಿದಂತೆ... ನೇರಳೆಹಣ್ಣು ತಿಂದಾಗ ಆಗುತ್ತದಲ್ಲ, ಹಾಗೆ. “ಒಗರು ಕಣೇ!” ಐವತ್ತು ವರ್ಷ ಕುಡಿದವನಿಗೆ ಇಷ್ಟೂ ಗೊತ್ತಿರಲಿಲ್ಲವೆಂದು ನಾಚಿಕೆಯಾಯಿತು. ಮಕ್ಕಳೇ, ಕಹಿ ಒಂದು ರುಚಿ. ಒಗರು ಹೆಚ್ಚಾಗಿ ಸ್ಪರ್ಶ. ಟೀಯಲ್ಲಿರುವ ಟ್ಯಾನಿನ್ ಜೊಲ್ಲಿನ ಜಾರುಗುಣವನ್ನು ಕಡಿಮೆ ಮಾಡುವುದರಿಂದ ಬಾಯಿ ಒರಟಾಗುತ್ತದೆ. ಎಲೆಯನ್ನು ಹೆಚ್ಚು ಹೊತ್ತು ನೀರಲ್ಲಿ ಬಿಟ್ಟರೆ ಒಗರೂ ಹೆಚ್ಚು, ಕಹಿಯೂ ಹೆಚ್ಚು.

ಮರುದಿನ ಅವಳು ಮೂಗು ಹಿಡಿದುಕೊಂಡು ಕುಡಿಯಲು ಹೇಳಿದಳು. ಬರೀ ಬಿಸಿನೀರಿನಂತಿತ್ತು! ಮೂಗು ಬಿಟ್ಟ ಕೂಡಲೇ ಪರಿಮಳವೆಲ್ಲ ವಾಪಸು ಬಂತು. ಟೀ ಪರೀಕ್ಷಿಸುವುದನ್ನೇ ಕೆಲಸ ಮಾಡಿಕೊಂಡವರು ಚಮಚದಿಂದ ಜೋರಾಗಿ ಸೊರ್ರೆಂದು ಎಳೆಯುವುದೂ ಪರಿಮಳ ಮೂಗಿನ ಹಿಂಬದಿಗೆ ಏರಲಿ ಎಂದೇ. ನೀವು ಹಾಗೆ ಮಾಡಿದರೆ ಅಮ್ಮ ಬೈಯುತ್ತಾರೆ, ಅವರಿಗೆ ಸಂಬಳ ಕೊಡುತ್ತಾರೆ.

ನಮ್ಮ ಡಬ್ಬಿಯದು ಮೇ-ಜೂನ್ ಹೊತ್ತಿಗೆ ಕೀಳುವ ಎರಡನೇ ಕೊಯ್ಲಿನ ಎಲೆ. ಆ ಕಾಲದಲ್ಲಿ ಪುಟ್ಟ ಹಸಿರು ಜಿಗಿಹುಳುಗಳು ಚಿಗುರಿನ ರಸ ಹೀರುತ್ತವೆ. ಗಾಯಗೊಂಡ ಗಿಡ ತನ್ನ ರಕ್ಷಣೆಗೆ ಕೆಲವು ಪರಿಮಳದ ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ. ಡಾರ್ಜಿಲಿಂಗ್ ಟೀಯ ಹೆಸರಾಂತ ದ್ರಾಕ್ಷಿಯ ಘಮಕ್ಕೆ ಇದೂ ಒಂದು ಕಾರಣ. ಕಿತ್ತ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಬಿಡುತ್ತಾರೆ. ಹೆಚ್ಚಿಟ್ಟ ಸೇಬು ಕಂದುವಂತೆ ಅದೂ ಕಂದುತ್ತದೆ, ಆಮೇಲೆ ಬಿಸಿ ಗಾಳಿಯಲ್ಲಿ ಒಣಗಿಸುತ್ತಾರೆ.

ಮೊಮ್ಮಗಳಿಗೆ ನಾನು ಕೊಟ್ಟಿದ್ದು ಒಂದೇ ಒಂದು ಚಮಚ. ಟೀ ಕುಡಿಯುವುದಕ್ಕೆ ಅವಳಿನ್ನೂ ಚಿಕ್ಕವಳು, ಮೂಸುವುದಕ್ಕೇನೂ ಅಡ್ಡಿಯಿಲ್ಲವಲ್ಲ. ಹಳೇ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆದಳು: ಒಣಹುಲ್ಲು. ದ್ರಾಕ್ಷಿ. ಅಜ್ಜಿಯ ಮರದ ಪೆಟ್ಟಿಗೆ. ಪೆಟ್ಟಿಗೆಯ ವಾಸನೆ ನನಗೆ ಸಿಗಲು ಮೂರು ದಿನ ಬೇಕಾಯಿತು.

ಈಗ ಅವಳಿಗೆ ಶಾಲೆ ಶುರುವಾಗಿದೆ. ಸಂಜೆ ಫೋನು ಮಾಡುತ್ತಾಳೆ. “ತಾತ, ಇವತ್ತು ಏನು ವಾಸನೆ?”

“ಏನೂ ಇಲ್ಲ ಕಣೇ, ನೆಗಡಿ.”