ಊರಿನ ಚಿತ್ರಮಂದಿರ

ಸಂತೇಬೆನ್ನೂರಿನ ಪುಷ್ಕರಿಣಿಯನ್ನು ಕಾಪಾಡಬೇಕೆಂಬ ವಿಷಯದಲ್ಲಿ ಚನ್ನಗಿರಿ ತಾಲ್ಲೂಕಿನ ಜನರಲ್ಲಿ ಎರಡು ಮಾತಿಲ್ಲ. ಜೀರ್ಣವಾದ ದೇವಾಲಯವನ್ನು ಉದ್ಧರಿಸಬೇಕೆಂದರೆ ಏಕೆಂದು ಕೇಳುವವರಿಲ್ಲ. ಹಳೆಯ ಚಿತ್ರಮಂದಿರವೊಂದನ್ನು ಉಳಿಸಬೇಕೆಂದರೆ ಮಾತ್ರ ಹಲವರು ನಗುತ್ತಾರೆ. ತಗಡಿನ ಛಾವಣಿಯ, ಬಣ್ಣ ಮಾಸಿದ ಗೋಡೆಗಳ ಆ ಕಟ್ಟಡದಲ್ಲಿ ಉಳಿಸತಕ್ಕದ್ದೇನಿದೆ?

ಉತ್ತರವನ್ನು ಕಟ್ಟಡದ ಶಿಲ್ಪದಲ್ಲಿ ಹುಡುಕಿದರೆ ದೊರೆಯದು. ಅಲ್ಲಿ ಕುಳಿತು ನೋಡಿದವರಲ್ಲಿ ಹುಡುಕಬೇಕು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತು. ಕರ್ನಾಟಕದ ಸಣ್ಣ ಊರುಗಳಿಗೆ ಸಿನಿಮಾ ಬಂದದ್ದು ಬಹುಮಟ್ಟಿಗೆ ಡೇರೆಗಳ ಮೂಲಕ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸಾಡುವ ಕಾಲಕ್ಕೆ ಟೂರಿಂಗ್ ಟಾಕೀಸು ಬೀಡುಬಿಡುತ್ತಿತ್ತು. ಸಂಜೆ ಧ್ವನಿವರ್ಧಕದಲ್ಲಿ ದೇವರ ಹಾಡು ಕೇಳಿಬಂದರೆ, ಟಿಕೆಟ್ಟು ಕೊಡಲು ತೊಡಗಿದರೆಂದು ಸುತ್ತಣ ಹಳ್ಳಿಗಳಿಗೆ ತಿಳಿಯುತ್ತಿತ್ತು. ಯಂತ್ರ ಒಂದೇ ಇದ್ದಲ್ಲಿ, ಸುರುಳಿ ಬದಲಿಸುವಾಗಲೆಲ್ಲ ಆಟ ನಿಲ್ಲುತ್ತಿತ್ತು. ಮುಂದೆ ಗೋಡೆ, ಛಾವಣಿಗಳುಳ್ಳ ಮಂದಿರಗಳು ಎದ್ದವು. ಎರಡು ಯಂತ್ರಗಳು ಬಂದವು. ಯಂತ್ರದೊಳಗೆ ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಕಿಡಿಯೇ ಬೆಳಕು. ಕಡ್ಡಿಗಳು ಸವೆದಂತೆಲ್ಲ ಅವುಗಳನ್ನು ಹತ್ತಿರ ಸರಿಸುತ್ತಿರಬೇಕು. ಆಪರೇಟರು ಮೈಮರೆತನೋ, ತೆರೆ ಮಂಕಾಗಿ, ಮುಂದಿನ ಸಾಲುಗಳಿಂದ ಸಿಳ್ಳೆಗಳು ಏಳುತ್ತಿದ್ದವು.

ಆ ಮುಂದಿನ ಸಾಲುಗಳಿಗೆ 'ಗಾಂಧಿ ಕ್ಲಾಸು' ಎಂಬ ಹೆಸರು. ಚಿತ್ರಮಂದಿರದಲ್ಲಿ ಎಲ್ಲರೂ ಸಮಾನರಾಗಿದ್ದರೆಂದು ಹೇಳಲಾಗದು. ಬಾಲ್ಕನಿಯವರು ಮೇಲೆಯೇ, ಬೆಂಚಿನವರು ಕೆಳಗೆಯೇ. ಆದರೆ ಆ ಭೇದವನ್ನು ಮಾಡಿದ್ದು ಟಿಕೆಟ್ಟಿನ ದರವೇ ಹೊರತು ಹುಟ್ಟಲ್ಲ. ಕೆಲವರಿಗೆ ಗುಡಿಯ ಬಾಗಿಲೂ ಹೋಟೆಲಿನ ಲೋಟವೂ ನಿಷಿದ್ಧವಾಗಿದ್ದ ಕಾಲದಲ್ಲಿ ಇದು ಅಲ್ಪವಾದ ಸಂಗತಿಯಲ್ಲ. ಜಾತ್ರೆ, ಮದುವೆಗಳ ಹೊರತು ಮನೆ ಬಿಟ್ಟು ಕದಲದ ಹೆಂಗಸರೂ ಅಲ್ಲಿಗೆ ಬಂದರು.

ಮೊದಲು ದೂರದರ್ಶನ, ಆಮೇಲೆ ಮೊಬೈಲು ನೋಡುಗರನ್ನು ಸೆಳೆದುಕೊಂಡವು. ಡಿಜಿಟಲ್ ಯಂತ್ರ ಬಂದು ಫಿಲ್ಮಿನ ಸುರುಳಿಯೇ ಇಲ್ಲವಾಯಿತು. ಬೆಂಗಳೂರಿನಲ್ಲಿ 1968ರಲ್ಲಿ ತೆರೆದ ಭವ್ಯವಾದ ಕಪಾಲಿ ಚಿತ್ರಮಂದಿರವೇ ನೆಲಸಮವಾದ ಮೇಲೆ ಚಿಕ್ಕ ಊರಿನ ಮಾಲೀಕನನ್ನು ದೂರಿ ಫಲವೇನು? ಖಾಲಿ ಕುರ್ಚಿಗಳಿಗೆ ಸಿನಿಮಾ ತೋರಿಸೆಂದು ಯಾರೂ ಅವನಿಗೆ ಹೇಳಲಾರರು.

ಹಾಗಿದ್ದರೂ ಜೀರ್ಣೋದ್ಧಾರ ಅಸಾಧ್ಯವಲ್ಲ. ಮುಂಬಯಿಯ ರಾಯಲ್ ಅಪೆರಾ ಹೌಸ್ 1911ರಲ್ಲಿ ಐದನೆಯ ಜಾರ್ಜ್ ದೊರೆಯಿಂದ ಉದ್ಘಾಟನೆಗೊಂಡದ್ದು. ನಾಟಕಶಾಲೆಯಾಗಿದ್ದುದು ಚಿತ್ರಮಂದಿರವಾಯಿತು, 1993ರಲ್ಲಿ ಮುಚ್ಚಿಹೋಯಿತು. ಶ್ರಮದಿಂದ ದುರಸ್ತಿಗೊಂಡು 2016ರಲ್ಲಿ ಮತ್ತೆ ತೆರೆಯಿತು. ಮರುವರ್ಷ ಯುನೆಸ್ಕೊ ಪ್ರಶಸ್ತಿಗೂ ಪಾತ್ರವಾಯಿತು. ಅದರ ಒಡೆತನ ಗೊಂಡಲ್ ರಾಜಮನೆತನದ್ದು. ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ಊರುಗಳಿಗೆ ರಾಜರನ್ನು ಎಲ್ಲಿಂದ ತರುವುದು? ಅಲ್ಲಿ ಊರಾಡಳಿತವೇ ಮಾಲೀಕನೊಡನೆ ಕೈಜೋಡಿಸಬೇಕು. ಇಳಿಜಾರಿನ ನೆಲವೂ ಎತ್ತರದ ಛಾವಣಿಯೂ ಉಳ್ಳ ಅಂಗಣ ನಾಟಕಕ್ಕೂ ಒದಗುತ್ತದೆ, ಶಾಲೆಯ ಮಕ್ಕಳ ಚಿತ್ರಗಳಿಗೂ ಒದಗುತ್ತದೆ. ಹಳೆಯ ಯಂತ್ರವೊಂದನ್ನು ಎಣ್ಣೆ ಹಾಕಿ ಅದರ ಕೋಣೆಯಲ್ಲೇ ಇರಿಸಿದರೆ, ಬೆಳಕು ಹೇಗೆ ಚಿತ್ರವಾಗುತ್ತಿತ್ತೆಂಬುದನ್ನು ಹುಡುಗರು ಕಣ್ಣಾರೆ ಕಂಡಾರು.

ಆದರೆ ಗೋಡೆಗೆ ಸುಣ್ಣ ಬಳಿದು, ಬೆಂಚುಗಳನ್ನು ಕಿತ್ತು, ಮೆತ್ತನೆಯ ಕುರ್ಚಿಗಳನ್ನು ಹಾಕಿ, ಟಿಕೆಟ್ಟಿನ ದರವನ್ನು ನಗರದ ಮಟ್ಟಕ್ಕೆ ಏರಿಸಿದರೆ ಕಟ್ಟಡ ಉಳಿದೀತು. ಗಾಂಧಿ ಕ್ಲಾಸಿನವನು ಮಾತ್ರ ಬಾಗಿಲಿನಲ್ಲೇ ನಿಂತಾನು.