ಪಹಣಿಯ ಹನ್ನೆರಡನೇ ಕಾಲಂ

ರೈತರಿಗೆ ಸರ್ಕಾರ ಕೊಡುವ ದುಡ್ಡಿನ ಬಗ್ಗೆ ನಮ್ಮಲ್ಲಿ ಜಗಳ ನಡೆಯೋದು ಯಾವಾಗಲೂ ‘ಎಷ್ಟು’ ಅನ್ನೋದರ ಮೇಲೇ. ಆರು ಸಾವಿರ ಸಾಕಾ, ಹತ್ತು ಸಾವಿರ ಆಗಬೇಕಾ... ನನ್ನ ತಕರಾರು ಬೇರೆ. ಅದು ‘ಯಾರಿಗೆ’ ಹೋಗ್ತಿದೆ ಅಂತ ಯಾಕೆ ಯಾರೂ ಕೇಳಲ್ಲ?

2019ರ ಫೆಬ್ರವರಿಯಲ್ಲಿ ಶುರುವಾದ ಪಿಎಂ-ಕಿಸಾನ್ ನೋಡಿ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ, ನೇರ ಖಾತೆಗೆ. ಮೊದಲು 2 ಹೆಕ್ಟೇರ್ ಒಳಗಿನವರಿಗೆ ಮಾತ್ರ ಇದ್ದದ್ದನ್ನು ಅದೇ ವರ್ಷ, ಆದಾಯ ತೆರಿಗೆ ಕಟ್ಟುವವರಂಥ ಕೆಲವರನ್ನು ಬಿಟ್ಟು, ಜಮೀನಿರುವ ಎಲ್ಲರಿಗೂ ವಿಸ್ತರಿಸಿದರು. ಮುಖ್ಯ ಪ್ರಶ್ನೆ ಒಂದೇ: ಪಹಣಿ ನಿಮ್ಮ ಹೆಸರಲ್ಲಿದೆಯಾ? ನೀವು ಉಳ್ತೀರಾ ಅನ್ನೋ ಪ್ರಶ್ನೆ ಅರ್ಜಿಯಲ್ಲೇ ಇಲ್ಲ.

ಬೆಳೆ ಹಾಳಾದಾಗ ಇದು ಇನ್ನೂ ಕಣ್ಣಿಗೆ ಹೊಡೆಯುತ್ತೆ. 2023ರ ಬರದಲ್ಲಿ ಮಳೆಯಾಶ್ರಿತ ಬೆಳೆಗೆ ನಿಯಮದ ಪ್ರಕಾರ ಹೆಕ್ಟೇರಿಗೆ 8,500 ರೂಪಾಯಿ, ಹೆಚ್ಚೆಂದರೆ 2 ಹೆಕ್ಟೇರಿಗೆ. ಅಂದರೆ ಐದು ಎಕರೆಗೆ ಸುಮಾರು 17,000. ಆ ಐದು ಎಕರೆಯನ್ನು ಇನ್ನೊಬ್ಬ ಗುತ್ತಿಗೆಗೆ ಹಿಡಿದು, ಬೀಜ ಗೊಬ್ಬರಕ್ಕೆ ಸಾಲ ಮಾಡಿದ್ದ ಅಂತಿಟ್ಟುಕೊಳ್ಳಿ. ನಷ್ಟ ಅವನದು, ಪರಿಹಾರ ಪಹಣಿಯವರದು! ಎಲ್ಲಕ್ಕೂ ‘ಫ್ರೂಟ್ಸ್’ ತಂತ್ರಾಂಶದ ಎಫ್‌ಐಡಿ ಬೇಕು, ಎಫ್‌ಐಡಿಗೆ ಪಹಣಿ ಬೇಕು. ಬೆಂಬಲ ಬೆಲೆಗೆ ರಾಗಿ ಮಾರಲೂ ಅದೇ ನಂಬರ್.

ಹಾಗಾದರೆ ಗುತ್ತಿಗೆ ಪತ್ರ ಮಾಡಿಸಿಕೊಳ್ಳಲಿ ಅಂತೀರಾ? ಅಲ್ಲೇ ಇರೋದು ತಮಾಷೆ. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಫಾರಂ 7 ಹಾಕಿದ ಎಷ್ಟೋ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ದೊಡ್ಡ ಕೆಲಸ, ಎರಡು ಮಾತಿಲ್ಲ. ಜೊತೆಗೆ ಸೈನಿಕರು, ನಾವಿಕರನ್ನು ಬಿಟ್ಟು ಉಳಿದವರು ಗೇಣಿಗೆ ಕೊಡೋದನ್ನೇ ನಿಷೇಧಿಸಿತು. ಗೇಣಿ ನಿಂತಿತಾ? ಗುತ್ತಿಗೆ, ಕೋರು, ಪಾಲು, ಲಾವಣಿ ಅಂತ ಊರಿಗೊಂದು ಹೆಸರಲ್ಲಿ ಬಾಯಿಮಾತಿನಲ್ಲೇ ನಡೀತಿದೆ. ಉಳುವವನೇ ಒಡೆಯ ಅಂದ ಕಾನೂನೇ ಇವತ್ತು ಉಳುವವನನ್ನು ಕಾಗದದಿಂದ ಅಳಿಸಿದೆ.

ಮಾಲೀಕರನ್ನು ಬೈಯೋದು ಸುಲಭ. ಆದರೆ ಎರಡು ಎಕರೆ ಇರುವ ವಿಧವೆಯೂ ಮಾಲೀಕಳೇ. ಬರೆದುಕೊಟ್ಟರೆ ಜಮೀನು ಹೋದೀತು ಅನ್ನೋ ಭಯ 1974ರಿಂದ ಬಂದದ್ದು, ಸುಳ್ಳಲ್ಲ. ಆ ಭಯ ಕಳೆಯದೆ ದಾರಿಯಿಲ್ಲ.

ಪಕ್ಕದ ಆಂಧ್ರ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದಿತು. 11 ತಿಂಗಳ ಕಾರ್ಡು, ಬೆಳೆಯ ಮೇಲೆ ಮಾತ್ರ ಹಕ್ಕು, ಮಣ್ಣಿನ ಮೇಲೆ ಇಲ್ಲ. ಅದಕ್ಕೆ ಮಾಲೀಕರ ಸಹಿ ಬೇಕಿತ್ತು, ಅದೇ ಅದರ ಸೋಲು. ಸಹಿ ಹಾಕೋರು ಯಾರು? ತೆಲಂಗಾಣ 2018ರ ರೈತಬಂಧುವಿನಲ್ಲಿ ಎಕರೆಗಿಷ್ಟು ಅಂತ ಕೊಟ್ಟಿತು, ಗೇಣಿದಾರರನ್ನು ಹೊರಗಿಟ್ಟಿತು. ಜಾಸ್ತಿ ಜಮೀನಿದ್ದವರಿಗೆ ಜಾಸ್ತಿ ದುಡ್ಡು, ಅಷ್ಟೇ.

ವಿಚಿತ್ರ ಅಂದರೆ, ಎಲ್ಲರೂ ಬೈಯುವ ರಸಗೊಬ್ಬರದ ಸಬ್ಸಿಡಿಯೇ ಉಳುವವನ ಕೈಗೆ ತಲುಪೋದು. ಯೂರಿಯಾ ಚೀಲ ಕೊಳ್ಳುವವನ ಆಧಾರ್, ಹೆಬ್ಬೆಟ್ಟು ನೋಡ್ತಾರೆ. ಜಮೀನಿನ ಒಡೆಯನೇ ಆಗಿರಬೇಕೆಂದಿಲ್ಲ. ಅದನ್ನು ಕಿತ್ತು ‘ನೇರ ಖಾತೆಗೆ ಹಾಕಿ’ ಅನ್ನೋರು, ಯಾರ ಖಾತೆಗೆ ಅಂತ ಮೊದಲು ಹೇಳಲಿ.

ಹೊಸ ಯೋಜನೆ, ಹೊಸ ಆ್ಯಪ್ ಏನೂ ಬೇಡ. ನಾವು ಪಹಣಿ ಅನ್ನೋ ಆರ್‌ಟಿಸಿಯಲ್ಲಿ ‘ಟಿ’ ಅಂದರೆ ಟೆನೆನ್ಸಿ, ಗೇಣಿ! ಅದರ 12ನೇ ಕಾಲಂ ಇರೋದೇ ಯಾರು ಸಾಗುವಳಿ ಮಾಡ್ತಾರೆ, ಯಾವ ಬೆಳೆ ಅಂತ ಬರೆಯೋಕೆ. ಈಗ ಬೆಳೆ ಸಮೀಕ್ಷೆಗೆ ಬರುವವರು ಸರ್ವೆ ನಂಬರ್ ಸಮೇತ ಫೋಟೋ ತೆಗೀತಾರೆ. ಬೆಳೆದವರು ಯಾರು ಅಂತ ಇನ್ನೊಂದು ಪ್ರಶ್ನೆ ಕೇಳಲಿ. ಆ ನಮೂದಿನಿಂದ ಒಡೆತನದ ಹಕ್ಕು ಹುಟ್ಟೋದಿಲ್ಲ ಅಂತ ಕಾನೂನಿಗೆ ಒಂದು ಸಾಲು ಸೇರಿಸಲಿ. ಪಿಎಂ-ಕಿಸಾನ್ ಮಾಲೀಕರಿಗೇ ಇರಲಿ ಬೇಕಾದರೆ, ಬೆಳೆ ನಷ್ಟದ ಪರಿಹಾರ ಮತ್ತು ಬೆಂಬಲ ಬೆಲೆಯಾದರೂ ಬೆಳೆದವರಿಗೆ ಸಿಗಲಿ.

ನಿಮ್ಮೂರಲ್ಲಿ ಪರಿಹಾರದ ದುಡ್ಡು ಬಂದಾಗ ಮಾಲೀಕರು ಗುತ್ತಿಗೆದಾರರಿಗೆ ಪಾಲು ಕೊಡ್ತಾರಾ? ಗೊತ್ತಿದ್ದವರು ಬರೀರಿ.